ದಾವೆ ನಿಂತ ಸಾಲು, ಕಾಯ್ದೆ ಪಡೆಯುವ ಅರ್ಥ: ಸಿವಿಲ್ ನ್ಯಾಯಾಲಯಗಳ ಸೇವೆಯ ವಿಮರ್ಶೆ

ಬ್ಯಾಂಕು, ಅಂಚೆ, ವಿದ್ಯುತ್ ಸರಬರಾಜು ಮುಂತಾದ ಸೇವೆಗಳ ಗುಣದೋಷಗಳನ್ನು ಸಲೀಸಾಗಿ ಬರೆಯುವ ನಾವು ಸಿವಿಲ್ ನ್ಯಾಯಾಲಯವನ್ನು ಆ ಪಟ್ಟಿಗೆ ಸೇರಿಸಲು ಹಿಂಜರಿಯುತ್ತೇವೆ. ಆದರೆ ಶುಲ್ಕ ಕಟ್ಟಿ, ಅರ್ಜಿ ಕೊಟ್ಟು, ಸರದಿ ಕಾದು, ಕೊನೆಗೊಂದು ಲಿಖಿತ ಉತ್ತರ ಪಡೆಯುವ ವ್ಯವಸ್ಥೆ ಎಂಬ ಅರ್ಥದಲ್ಲಿ ಅದೂ ಸೇವೆಯೇ. ನಾನು ವಕೀಲನಲ್ಲ, ಕುಟುಂಬದ ಆಸ್ತಿ ವ್ಯಾಜ್ಯವೊಂದರಲ್ಲಿ ಕಕ್ಷಿದಾರನಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವನು, ಆ ನೆಪದಲ್ಲಿ ತೀರ್ಪುಗಳನ್ನು ಓದುವ ಅಭ್ಯಾಸ ಹತ್ತಿಸಿಕೊಂಡವನು. ವಿಳಂಬದ ಬಗ್ಗೆ ಎಲ್ಲರೂ ಬರೆದಾಗಿದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ನಾನು ನೋಡಹೊರಟಿರುವುದು ಈ ಸೇವೆಯ ಎರಡು ಕೆಲಸಗಳನ್ನು ಮಾತ್ರ: ಬಂದ ವ್ಯಾಜ್ಯವನ್ನು ವಿಂಗಡಿಸುವುದು ಮತ್ತು ಕಾಯ್ದೆಯ ಮಾತಿಗೆ ಅರ್ಥ ಹೇಳುವುದು. ಕಾನೂನು ಪಠ್ಯಗಳು ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿಡುತ್ತವೆ. ಕಕ್ಷಿದಾರನ ಪಾಲಿಗೆ ಮಾತ್ರ ಅವು ಒಂದೇ ಕೆಲಸ, ಏಕೆಂದರೆ ದಾವೆ ಯಾವ ಸಾಲಿನಲ್ಲಿ ನಿಂತಿದೆ ಎಂಬುದರ ಮೇಲೆ ಅದಕ್ಕೆ ಅನ್ವಯವಾಗುವ ಕಾಯ್ದೆಯ ಒಂದೊಂದು ಮಾತೂ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ನಿರ್ಧಾರವಾಗುತ್ತದೆ.

ಬಾಗಿಲಿನಿಂದಲೇ ಆರಂಭಿಸಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಮಿನ ಪ್ರಕಾರ, ಸ್ಪಷ್ಟವಾಗಿ ಅಥವಾ ಸೂಚ್ಯವಾಗಿ ನಿರ್ಬಂಧಿಸದ ಹೊರತು ಸಿವಿಲ್ ಸ್ವರೂಪದ ಎಲ್ಲ ದಾವೆಗಳನ್ನೂ ಸಿವಿಲ್ ನ್ಯಾಯಾಲಯ ವಿಚಾರಣೆ ಮಾಡಬೇಕು. ಇದಕ್ಕಿಂತ ಉದಾರವಾದ ಬಾಗಿಲನ್ನು ನಾನು ಬೇರೆ ಯಾವ ಸರ್ಕಾರಿ ಸೇವೆಯಲ್ಲೂ ಕಂಡಿಲ್ಲ. ಹಕ್ಕು ಯಾವುದೆಂದು ಹೇಳಿದರೆ ಸಾಕು, ಅದಕ್ಕೊಂದು ವಿಶೇಷ ಕಾಯ್ದೆಯನ್ನು ತೋರಿಸಬೇಕಾಗಿಲ್ಲ. ಧಾರ್ಮಿಕ ಆಚರಣೆಯ ಪ್ರಶ್ನೆ ಒಳಗೊಂಡಿದ್ದರೂ ಆಸ್ತಿಯ ಅಥವಾ ಹುದ್ದೆಯ ಹಕ್ಕು ವಿವಾದದಲ್ಲಿದ್ದರೆ ಅದು ಸಿವಿಲ್ ದಾವೆಯೇ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ದೇವಸ್ಥಾನದಲ್ಲಿ ಮೊದಲ ತೀರ್ಥ ಯಾರಿಗೆ ಎಂಬ ಜಗಳ ನ್ಯಾಯಾಲಯಕ್ಕೆ ಬಂದರೆ ಏನಾಗುತ್ತದೆ? 1961ರ ಸಿಂಹ ರಾಮಾನುಜ ಜೀಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆ ಇಂದಿಗೂ ಉಪಯುಕ್ತವಾಗಿದೆ: ಬರಿಯ ಮರ್ಯಾದೆಗಾಗಿ ದಾವೆ ನಡೆಯದು, ಆದರೆ ಆ ಮರ್ಯಾದೆ ಒಂದು ಹುದ್ದೆಗೆ ಅಂಟಿಕೊಂಡಿದ್ದು ಅದರ ಪ್ರತಿಫಲದ ಭಾಗವಾಗಿದ್ದರೆ ನಡೆಯುತ್ತದೆ.

ಒಳಗೆ ಬಂದ ಮೇಲಿನ ವಿಂಗಡಣೆ ಮೂರು ಪ್ರಶ್ನೆಗಳ ಮೇಲೆ ನಿಂತಿದೆ: ವಿಷಯವೇನು, ಮೌಲ್ಯವೆಷ್ಟು, ಸ್ಥಳ ಯಾವುದು. ಜಮೀನಿನ ದಾವೆ ಜಮೀನು ಇರುವಲ್ಲಿಯೇ ಹೂಡಬೇಕು. ಸಾಲ ವಸೂಲಿಯಂಥವನ್ನು ಪ್ರತಿವಾದಿ ವಾಸಿಸುವಲ್ಲಿ ಅಥವಾ ವ್ಯಾಜ್ಯಕಾರಣ (ದಾವೆಗೆ ದಾರಿಮಾಡಿದ ಸಂಗತಿ) ಹುಟ್ಟಿದಲ್ಲಿ ಹೂಡಬಹುದು. ಅಧಿಕಾರವುಳ್ಳ ನ್ಯಾಯಾಲಯಗಳಲ್ಲಿ ಅತ್ಯಂತ ಕೆಳಹಂತದ್ದರಲ್ಲೇ ಮೊದಲು ಹೋಗಬೇಕು. ಕರ್ನಾಟಕದಲ್ಲಿ 1964ರ ಸಿವಿಲ್ ನ್ಯಾಯಾಲಯಗಳ ಅಧಿನಿಯಮದಂತೆ ಸಿವಿಲ್ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರು, ಜಿಲ್ಲಾ ನ್ಯಾಯಾಧೀಶರು ಎಂಬ ಮೂರು ಮೆಟ್ಟಿಲುಗಳಿವೆ. ಬೆಂಗಳೂರು ನಗರಕ್ಕೆ 1979ರ ಪ್ರತ್ಯೇಕ ಅಧಿನಿಯಮದಡಿ ನಗರ ಸಿವಿಲ್ ನ್ಯಾಯಾಲಯವಿದೆ. ಇವುಗಳ ಪಕ್ಕದಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ, ಕೌಟುಂಬಿಕ ನ್ಯಾಯಾಲಯ, ವಾಣಿಜ್ಯ ನ್ಯಾಯಾಲಯ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಪ್ರಕರಣದ ಸಂಖ್ಯೆಯ ಮುಂದಿರುವ ಅಕ್ಷರಗಳು ಈ ವಿಂಗಡಣೆಯ ಗುರುತು. ಓ.ಎಸ್. ಎಂದರೆ ಮೂಲ ದಾವೆ, ಎಂ.ವಿ.ಸಿ. ಎಂದರೆ ವಾಹನ ಅಪಘಾತದ ಪರಿಹಾರ, ಎಂ.ಸಿ. ಎಂದರೆ ವಿವಾಹ ಸಂಬಂಧದ ಅರ್ಜಿ, ಎಫ್.ಡಿ.ಪಿ. ಎಂದರೆ ಪಾಲುವಿಭಾಗದಲ್ಲಿ ಅಂತಿಮ ಡಿಕ್ರಿಯ (ತೀರ್ಪಿನ ವಿಧ್ಯುಕ್ತ ಆದೇಶದ) ನಡಾವಳಿ. ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದವರೂ ಈ ಅಕ್ಷರಗಳನ್ನು ಸಂಖ್ಯೆಯ ಅಲಂಕಾರವೆಂದೇ ಭಾವಿಸಿರುತ್ತಾರೆ.

ವಿಂಗಡಣೆಯ ಕೆಲಸ ನಿಜವಾಗಿ ನಡೆಯುವುದು ನ್ಯಾಯಾಧೀಶರ ಪೀಠದಲ್ಲಲ್ಲ, ಅದಕ್ಕೂ ಮೊದಲು, ದಾವಾಪತ್ರದ ಕೊನೆಯ ಕಂಡಿಕೆಗಳಲ್ಲಿ. ನ್ಯಾಯಾಲಯದ ಕಚೇರಿಯ ಶಿರಸ್ತೇದಾರರು ಪುಟ ತಿರುವುವಾಗ ಮೊದಲು ಹುಡುಕುವುದು ದುಃಖದ ಕಥೆಯನ್ನಲ್ಲ. ವ್ಯಾಜ್ಯಕಾರಣ ಯಾವಾಗ ಎಲ್ಲಿ ಹುಟ್ಟಿತು, ದಾವೆಯ ಮೌಲ್ಯವೆಷ್ಟು, ಶುಲ್ಕ ಯಾವ ಕಲಮಿನಡಿ ಕಟ್ಟಲಾಗಿದೆ, ಸ್ವತ್ತಿನ ಪರಿಶಿಷ್ಟದಲ್ಲಿ ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಇದೆಯೇ ಎಂಬುದನ್ನು. ಇವುಗಳಲ್ಲಿ ಒಂದು ಕೊರತೆಯಿದ್ದರೂ ಕಚೇರಿ ಆಕ್ಷೇಪಣೆ ಎಂಬ ಷರಾ ಬೀಳುತ್ತದೆ. ಪಾಲುವಿಭಾಗದ ದಾವೆಯನ್ನೇ ನೋಡಿ. ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಅಧಿನಿಯಮ, 1958ರ 35ನೇ ಕಲಮಿನಂತೆ, ವಾದಿ ಕುಟುಂಬದ ಸ್ವತ್ತಿನ ಜಂಟಿ ಸ್ವಾಧೀನದಲ್ಲಿದ್ದರೆ ಕಟ್ಟಬೇಕಾದ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ಅವನನ್ನು ಸ್ವಾಧೀನದಿಂದ ಹೊರಗಿಟ್ಟಿದ್ದರೆ ಅವನ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಶುಲ್ಕ. ಊರು ಬಿಟ್ಟು ಹೋಗಿ, ಬೆಳೆಯಲ್ಲಿ ಒಂದು ಕಾಳನ್ನೂ ಕಾಣದ ತಂಗಿ ಜಂಟಿ ಸ್ವಾಧೀನದಲ್ಲಿದ್ದಾಳೆಯೇ? 1980ರ ನೀಲಾವತಿ ಪ್ರಕರಣದಲ್ಲಿ, ತಮಿಳುನಾಡಿನ ಇಂಥದೇ ಕಲಮನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟ್, ಒಬ್ಬ ಸಹಮಾಲೀಕನ ಸ್ವಾಧೀನ ಕಾನೂನಿನ ದೃಷ್ಟಿಯಲ್ಲಿ ಎಲ್ಲರ ಸ್ವಾಧೀನ, ಹೊರಗಿಟ್ಟಿದ್ದಾರೆಂದು ದಾವಾಪತ್ರವೇ ಸ್ಪಷ್ಟವಾಗಿ ಒಪ್ಪದ ಹೊರತು ಹೆಚ್ಚಿನ ಶುಲ್ಕ ಕೇಳುವಂತಿಲ್ಲ, ದಾವಾಪತ್ರವನ್ನು ಇಡಿಯಾಗಿ ಓದಬೇಕು ಎಂದಿತು. ನ್ಯಾಯಾಲಯದ ವ್ಯಾಖ್ಯಾನ ಬಡ ಕಕ್ಷಿದಾರನ ಜೇಬಿಗೆ ನೇರವಾಗಿ ನೆರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಇದರ ಇನ್ನೊಂದು ಮುಖವೂ ಇದೆ: ನೋವಿನ ಭರದಲ್ಲಿ ‘ನನ್ನನ್ನು ಪೂರ್ತಿ ಹೊರಹಾಕಿದ್ದಾರೆ’ ಎಂದು ದಾವಾಪತ್ರದಲ್ಲಿ ಬರೆಸಿದವರು ಆ ಒಂದು ವಾಕ್ಯಕ್ಕೆ ದುಬಾರಿ ಬೆಲೆ ತೆರಬೇಕಾಗುತ್ತದೆ.

ತಪ್ಪು ಸಾಲಿನಲ್ಲಿ ನಿಂತವರನ್ನು ಈ ಸೇವೆ ಹೇಗೆ ನಡೆಸಿಕೊಳ್ಳುತ್ತದೆ ಎಂಬ ವಿಷಯದಲ್ಲಿ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಅಧಿಕಾರ ವ್ಯಾಪ್ತಿ ಇಲ್ಲವೆಂದು ಕಂಡರೆ ದಾವಾಪತ್ರವನ್ನು ತಿರಸ್ಕರಿಸುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 10ನೇ ನಿಯಮದಡಿ ಸರಿಯಾದ ನ್ಯಾಯಾಲಯಕ್ಕೆ ಸಲ್ಲಿಸಲೆಂದು ಹಿಂದಿರುಗಿಸುತ್ತಾರೆ. ಸದ್ಭಾವನೆಯಿಂದ, ಶ್ರದ್ಧೆಯಿಂದ ತಪ್ಪು ನ್ಯಾಯಾಲಯದಲ್ಲಿ ಕಳೆದ ಕಾಲವನ್ನು ಕಾಲಮಿತಿ ಅಧಿನಿಯಮದ 14ನೇ ಕಲಮು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಸ್ಥಳ ಅಥವಾ ಮೌಲ್ಯದ ಬಗ್ಗೆ ತಕರಾರಿರುವ ಪ್ರತಿವಾದಿ ಅದನ್ನು ಆರಂಭದಲ್ಲೇ ಎತ್ತಬೇಕು; ಸೋತ ಮೇಲೆ ಮೇಲ್ಮನವಿಯಲ್ಲಿ ಅದನ್ನು ಅಸ್ತ್ರ ಮಾಡಿಕೊಳ್ಳಲು ಪ್ರಕ್ರಿಯಾ ಸಂಹಿತೆಯ 21ನೇ ಕಲಮು ಸುಲಭಕ್ಕೆ ಬಿಡುವುದಿಲ್ಲ. ಆದರೆ 2020ರಲ್ಲಿ ಇ.ಎಕ್ಸ್.ಎಲ್. ಕೆರಿಯರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದಂತೆ, 10ನೇ ನಿಯಮದಡಿ ಹಿಂದಿರುಗಿದ ದಾವಾಪತ್ರ ಹೊಸ ನ್ಯಾಯಾಲಯಕ್ಕೆ ಹೋದಾಗ ವಿಚಾರಣೆ ಮೊದಲಿನಿಂದ ಆರಂಭವಾಗುತ್ತದೆ. ಸಾಕ್ಷ್ಯ ಮುಗಿದ ಹಂತದಲ್ಲಿ ಇದು ಆದರೆ ಕಕ್ಷಿದಾರನ ಪಾಡು ಏನೆಂದು ಊಹಿಸಬಹುದು. ವಿಷಯದ ಮೇಲಿನ ಅಧಿಕಾರವೇ ಇಲ್ಲದಿದ್ದರಂತೂ ಡಿಕ್ರಿಯೇ ಶೂನ್ಯ. ಆದ್ದರಿಂದ ಕೃಷಿ ಜಮೀನಿನ ತಡೆಯಾಜ್ಞೆಯ ದಾವೆಯಲ್ಲಿ ಪ್ರತಿವಾದಿ ತಾನು 1974ರ ಮಾರ್ಚ್ 1ಕ್ಕಿಂತ ಮೊದಲಿನ ಗೇಣಿದಾರನೆಂದು ಎದ್ದುನಿಂತರೆ, ಆ ಪ್ರಶ್ನೆ ಮಟ್ಟಿಗೆ ಸಿವಿಲ್ ನ್ಯಾಯಾಲಯ ಕೈ ಹಿಂತೆಗೆದು, ಕರ್ನಾಟಕ ಭೂಸುಧಾರಣಾ ಅಧಿನಿಯಮದ 133ನೇ ಕಲಮಿನಂತೆ ಭೂ ನ್ಯಾಯಮಂಡಳಿಗೆ ಒಪ್ಪಿಸಬೇಕಾಗುತ್ತದೆ.

ನಾಲ್ಕನೆಯ ಬಗೆಯ ವಿಂಗಡಣೆಯೊಂದಿದೆ, ಅದು ವೇಗದ್ದು. ಕರ್ನಾಟಕದ ಅಧೀನ ನ್ಯಾಯಾಲಯಗಳಿಗೆ 2005ರ ಪ್ರಕರಣ ನಿರ್ವಹಣಾ ನಿಯಮಗಳು ದಾವೆಗಳನ್ನು ನಾಲ್ಕು ಹಳಿಗಳಾಗಿ ವಿಭಾಗಿಸುತ್ತವೆ. ಜೀವನಾಂಶ, ಮಕ್ಕಳ ಪಾಲನೆ, ಉತ್ತರಾಧಿಕಾರ ಪತ್ರದಂಥವು ಮೊದಲನೆಯದರಲ್ಲಿ, ಒಂಬತ್ತು ತಿಂಗಳ ಗುರಿ. ಅಮಲ್ಜಾರಿ (ಡಿಕ್ರಿಯನ್ನು ಜಾರಿಗೊಳಿಸುವುದು), ವಿಚ್ಛೇದನ ಎರಡನೆಯದರಲ್ಲಿ, ಹನ್ನೆರಡು ತಿಂಗಳು. ಪಾಲುವಿಭಾಗ, ಹಕ್ಕಿನ ಘೋಷಣೆ ಮುಂತಾದವು ಮೂರನೆಯದರಲ್ಲಿ, ಉಳಿದವು ನಾಲ್ಕನೆಯದರಲ್ಲಿ, ಎರಡಕ್ಕೂ ಇಪ್ಪತ್ನಾಲ್ಕು ತಿಂಗಳು. ಕಾಗದದ ಮೇಲೆ ಇದು ವಿವೇಕದ ಯೋಜನೆ. ಕಕ್ಷಿದಾರನಿಗೆ ತನ್ನ ದಾವೆ ಯಾವ ಹಳಿಯಲ್ಲಿದೆಯೆಂದು ಯಾರೂ ಹೇಳುವುದಿಲ್ಲ, ಅವನೂ ಕೇಳುವುದಿಲ್ಲ. ಹೀಗಾಗಿ ಗುರಿ ತಪ್ಪಿದ್ದು ಗಮನಕ್ಕೂ ಬರುವುದಿಲ್ಲ.

ಇನ್ನು ವ್ಯಾಖ್ಯಾನದ ಕೆಲಸ. ಪದಗಳ ಸಾಮಾನ್ಯ ಅರ್ಥವನ್ನು ಹಿಡಿಯಬೇಕು, ಅದು ಅಸಂಬದ್ಧಕ್ಕೆ ಒಯ್ದರೆ ಸ್ವಲ್ಪ ಬಾಗಬೇಕು, ಶಾಸಕಾಂಗ ಯಾವ ಕೇಡನ್ನು ನಿವಾರಿಸಹೊರಟಿತ್ತು ಎಂದು ನೋಡಬೇಕು ಎಂಬ ಸೂತ್ರಗಳು ಹಳೆಯವು. ಕೊನೆಯದಂತೂ ಇಂಗ್ಲೆಂಡಿನ 1584ರ ಹೇಡನ್ ಪ್ರಕರಣದ್ದು, ಅದನ್ನು ನಮ್ಮ ಸುಪ್ರೀಂ ಕೋರ್ಟ್ 1955ರಲ್ಲಿ ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ ತನ್ನದಾಗಿಸಿಕೊಂಡಿತು. ನ್ಯಾಯಾಲಯ ತನಗೆ ಬೇಕಾದ ಫಲಕ್ಕೆ ತಕ್ಕ ಸೂತ್ರವನ್ನು ಆರಿಸಿಕೊಳ್ಳುತ್ತದೆ ಎಂಬ ಆರೋಪ ನ್ಯಾಯಾಲಯದ ಕ್ಯಾಂಟೀನುಗಳಲ್ಲಿ ಸಾಮಾನ್ಯ. ತೀರ್ಪುಗಳನ್ನು ಓದಿದ ಮೇಲೆ ನನಗೆ ಈ ಆರೋಪ ಅರ್ಧ ಮಾತ್ರ ನಿಜವೆನಿಸಿದೆ. ಅಕ್ಷರಾರ್ಥ ಮತ್ತು ಉದ್ದೇಶ ಎರಡೂ ಒಂದೇ ದಡ ಸೇರುವ ಸಂದರ್ಭಗಳೇ ಹೆಚ್ಚು ಕುತೂಹಲಕರ.

2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ ಅಂಥದೊಂದು ಸಂದರ್ಭವನ್ನು ಒದಗಿಸಿತು. ಆರಂಭದಲ್ಲಿ ಒಂದು ಕೋಟಿ ರೂಪಾಯಿಯಿದ್ದ ಮೌಲ್ಯದ ಹೊಸ್ತಿಲನ್ನು 2018ರ ತಿದ್ದುಪಡಿ ಮೂರು ಲಕ್ಷಕ್ಕೆ ಇಳಿಸಿದ ಮೇಲೆ ಸಣ್ಣ ವ್ಯಾಪಾರಿಗಳ ದಾವೆಗಳೂ ಈ ಸಾಲಿಗೆ ಬಂದವು. ವಾಣಿಜ್ಯ ವಿವಾದವೆಂದರೇನು ಎಂಬ ಪಟ್ಟಿಯಲ್ಲಿ, ‘ವ್ಯಾಪಾರ ಅಥವಾ ವಾಣಿಜ್ಯಕ್ಕೆ ಮಾತ್ರವೇ ಬಳಸಲಾಗುವ’ ಸ್ಥಿರಾಸ್ತಿಗೆ ಸಂಬಂಧಿಸಿದ ಕರಾರುಗಳೂ ಸೇರಿವೆ. ಕಾರ್ಖಾನೆ ಕಟ್ಟಲೆಂದು ಕೊಂಡ ಖಾಲಿ ಜಮೀನು ಇದರಲ್ಲಿ ಬರುತ್ತದೆಯೇ? ಅಂಬಾಲಾಲ್ ಸಾರಾಭಾಯಿ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ 2019ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿಗಳಾದ ಆರ್. ಭಾನುಮತಿ ಮತ್ತು ಎ.ಎಸ್. ಬೋಪಣ್ಣ ಬರುವುದಿಲ್ಲವೆಂದರು: ಬಳಕೆ ವಾಸ್ತವವಾಗಿ ನಡೆಯುತ್ತಿರಬೇಕು, ಬಳಕೆಗೆ ಸಿದ್ಧ, ಮುಂದೆ ಬಳಸಬಹುದು ಎಂಬುದು ಸಾಲದು. ನೋಡಲು ಇದು ಅಕ್ಷರಕ್ಕೆ ಅಂಟಿಕೊಂಡ ಓದು. ಕೊಟ್ಟ ಕಾರಣ ಮಾತ್ರ ಉದ್ದೇಶದ್ದು. ವಾಣಿಜ್ಯ ವಿವಾದಗಳು ಬೇಗ ಮುಗಿಯಲೆಂದು ಪ್ರತ್ಯೇಕ ಸಾಲು ಮಾಡಿದ ಮೇಲೆ, ಎಲ್ಲ ದೊಡ್ಡ ಜಮೀನು ವ್ಯಾಜ್ಯಗಳನ್ನೂ ಅದರೊಳಗೆ ತುಂಬಿದರೆ ಆ ಸಾಲು ಕೂಡ ಸಾಮಾನ್ಯ ಸಾಲಿನಷ್ಟೇ ನಿಧಾನವಾಗುತ್ತದೆ. ನನಗೆ ಈ ತರ್ಕ ಒಪ್ಪಿಗೆಯಾಗಿದೆ, ಆದರೆ ಅದರ ಬೆಲೆಯನ್ನೂ ಗಮನಿಸಬೇಕು. ಕರಾರಿಗೆ ಸಹಿ ಹಾಕಿದ ದಿನ ಜಮೀನಿನಲ್ಲಿ ಗೋದಾಮು ನಡೆಯುತ್ತಿತ್ತೇ ಎಂಬ ಸಾಕ್ಷ್ಯವಿಲ್ಲದೆ ದಾವೆ ಎಲ್ಲಿ ಹೂಡಬೇಕೆಂಬುದೇ ತಿಳಿಯದ ಸ್ಥಿತಿಯಲ್ಲಿ ವಾದಿ ನಿಲ್ಲುತ್ತಾನೆ.

ಇಲ್ಲಿಂದ ಮುಂದೆ ಈ ಸೇವೆಯ ಅತ್ಯಂತ ಗಂಭೀರ ಲಕ್ಷಣ ಕಾಣಿಸುತ್ತದೆ. ಪ್ರತಿವಾದ ಪತ್ರ, ಅಂದರೆ ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ, ಸಲ್ಲಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮ ಮೂವತ್ತು ದಿನ ಕೊಡುತ್ತದೆ, ಕಾರಣ ದಾಖಲಿಸಿ ತೊಂಬತ್ತರವರೆಗೆ ವಿಸ್ತರಿಸಬಹುದೆನ್ನುತ್ತದೆ. ತೊಂಬತ್ತು ದಾಟಿದರೆ? ಓದಿದವರಿಗೆ ಬಾಗಿಲು ಮುಚ್ಚಿತೆಂದೇ ಅನ್ನಿಸಬೇಕು. ಆದರೆ 2005ರಲ್ಲಿ ಕೈಲಾಶ್ ಪ್ರಕರಣದಲ್ಲಿಯೂ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟ್ ಇದು ನಿರ್ದೇಶನಾತ್ಮಕವೇ ಹೊರತು ಕಡ್ಡಾಯವಲ್ಲ, ಅಸಾಧಾರಣ ಕಾರಣಗಳಿದ್ದರೆ ನ್ಯಾಯಾಲಯ ಆಮೇಲೂ ಸ್ವೀಕರಿಸಬಹುದು ಎಂದಿತು. ಪ್ರಕ್ರಿಯೆಯ ನಿಯಮ ನ್ಯಾಯದ ಕೈಯಾಳಾಗಿರಬೇಕು ಎಂಬುದು ಅದರ ಹಿಂದಿನ ಭಾವ. ಇದೇ ನಿಯಮ ವಾಣಿಜ್ಯ ದಾವೆಗೆ ಬೇರೆ ರೂಪ ತಾಳಿದೆ: ಮಿತಿ 120 ದಿನ, ಅದರ ನಂತರ ಪ್ರತಿವಾದಿ ಹಕ್ಕು ಕಳೆದುಕೊಳ್ಳುತ್ತಾನೆ, ನ್ಯಾಯಾಲಯ ಪ್ರತಿವಾದ ಪತ್ರವನ್ನು ಕಡತಕ್ಕೆ ಸೇರಿಸಿಕೊಳ್ಳತಕ್ಕದ್ದಲ್ಲ. 2019ರಲ್ಲಿ ಎಸ್.ಸಿ.ಜಿ. ಕಾಂಟ್ರ್ಯಾಕ್ಟ್ಸ್ ಪ್ರಕರಣದಲ್ಲಿ ಇದು ಕಡ್ಡಾಯವೆಂದಾಯಿತು. ಗ್ರಾಹಕರ ಆಯೋಗಕ್ಕೆ ಹೋದರೆ ಎದುರು ಪಕ್ಷಕ್ಕೆ ಮೂವತ್ತು ಮತ್ತು ಹದಿನೈದು, ಒಟ್ಟು 45 ದಿನ. ಅದನ್ನು ಮೀರಿ ಒಂದು ದಿನವನ್ನೂ ಆಯೋಗ ಕೊಡಲಾರದೆಂದು 2020ರ ಮಾರ್ಚಿನಲ್ಲಿ ಹಿಲ್ಲಿ ಮಲ್ಟಿಪರ್ಪಸ್ ಕೋಲ್ಡ್ ಸ್ಟೋರೇಜ್ ಪ್ರಕರಣದಲ್ಲಿ ಸಂವಿಧಾನ ಪೀಠವೇ ತೀರ್ಪಿತ್ತಿತು.

ಇದನ್ನು ಒಬ್ಬ ಪ್ರತಿವಾದಿಯ ಕಣ್ಣಿನಿಂದ ನೋಡಿ. ಅವನು ಮಾರಿದ ಯಂತ್ರ ಕೆಟ್ಟಿದೆಯೆಂದು ತಕರಾರು. ಕೊಂಡವನು ಅದನ್ನು ಮನೆಬಳಕೆಗೆ ಕೊಂಡಿದ್ದು ಗ್ರಾಹಕರ ಆಯೋಗಕ್ಕೆ ಹೋದರೆ ಮಾರಿದವನಿಗೆ 45 ದಿನ. ಕೊಂಡವನು ವ್ಯಾಪಾರಿಯಾಗಿದ್ದು, ಮೊತ್ತ ಮೂರು ಲಕ್ಷಕ್ಕೆ ಕಡಿಮೆಯಿಲ್ಲದೆ ವಾಣಿಜ್ಯ ನ್ಯಾಯಾಲಯಕ್ಕೆ ಹೋದರೆ 120. ಮೊತ್ತ ಅದಕ್ಕಿಂತ ಕಡಿಮೆಯಾಗಿ ಮಾಮೂಲಿ ಓ.ಎಸ್. ಆದರೆ ತೊಂಬತ್ತು, ಮತ್ತು ಸರಿಯಾದ ಕಾರಣವಿದ್ದರೆ ನ್ಯಾಯಾಧೀಶರ ಅನುಕಂಪ. ಯಂತ್ರ ಒಂದೇ, ತಕರಾರು ಒಂದೇ. ವಕೀಲರು ಇದನ್ನು ಅಸಂಗತವೆನ್ನುವುದಿಲ್ಲ, ಮತ್ತು ಅವರ ಮಾತಿನಲ್ಲಿ ಹುರುಳಿದೆ: ಮೂರೂ ಕಡೆ ಪಠ್ಯ ಬೇರೆ, ಪಠ್ಯ ಬೇರೆಯಾಗಲು ಉದ್ದೇಶ ಬೇರೆ. ಹಕ್ಕು ಕಳೆದುಹೋಗುತ್ತದೆಂದು ಶಾಸಕಾಂಗ ಬಾಯಿಬಿಟ್ಟು ಹೇಳಿದಲ್ಲಿ ನ್ಯಾಯಾಲಯ ಬಿಗಿಯಾಗಿ ಓದಿದೆ, ಪರಿಣಾಮವೇನೆಂದು ಹೇಳದೆ ಬಿಟ್ಟಲ್ಲಿ ಸಡಿಲವಾಗಿ ಓದಿದೆ. ವ್ಯಾಖ್ಯಾನದ ಗುಣಮಟ್ಟಕ್ಕೆ ಸಂಬಂಧಿಸಿದಂತೆ ನನ್ನ ದೂರಿಲ್ಲ. ದೂರು ಇರುವುದು, ಇಷ್ಟು ದೊಡ್ಡ ವ್ಯತ್ಯಾಸ ಪ್ರಕರಣ ಸಂಖ್ಯೆಯ ಮುಂದಿನ ಎರಡು ಮೂರು ಅಕ್ಷರಗಳಲ್ಲಿ ಅಡಗಿ ಕೂತಿರುವುದರ ಬಗ್ಗೆ.

ಅರ್ಥ ತಡವಾಗಿ ನಿಶ್ಚಿತವಾಗುವುದು ಇನ್ನೊಂದು ಕೊರತೆ. ತುರ್ತು ಮಧ್ಯಂತರ ಪರಿಹಾರ ಬೇಡದ ವಾಣಿಜ್ಯ ದಾವೆಯನ್ನು ಹೂಡುವ ಮೊದಲು ಮಧ್ಯಸ್ಥಿಕೆಗೆ ಯತ್ನಿಸಬೇಕೆಂದು ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದ 12ಎ ಕಲಮು 2018ರಿಂದ ಹೇಳುತ್ತಿದೆ. ಇದು ಕಡ್ಡಾಯವೇ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳು ಭಿನ್ನ ದಾರಿ ಹಿಡಿದವು. 2022ರ ಆಗಸ್ಟ್ 17ರಂದು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯವೆಂದಿತು, ಪಾಲಿಸದ ದಾವಾಪತ್ರ ತಿರಸ್ಕಾರಯೋಗ್ಯವೆಂದಿತು. ಆದರೆ ಅದುವರೆಗೆ ಗೊಂದಲದಲ್ಲಿದ್ದವರ ಮೇಲೆ ದಯೆಯಿಟ್ಟು, ತೀರ್ಪಿನ ಈ ಭಾಗವನ್ನು 2022ರ ಆಗಸ್ಟ್ 20ರಿಂದ ಮಾತ್ರ ಜಾರಿಗೆ ತಂದಿತು. ಈ ಮೂರು ದಿನಗಳ ಅಂತರ ನನಗೆ ನ್ಯಾಯಾಲಯದ ಬಗ್ಗೆ ಗೌರವ ಹೆಚ್ಚಿಸಿದ ಸಂಗತಿಗಳಲ್ಲೊಂದು: ಕಾಯ್ದೆಯ ಅರ್ಥ ಮೊದಲಿನಿಂದಲೂ ಇದೇ ಆಗಿತ್ತೆಂಬ ಕಟು ತರ್ಕಕ್ಕೆ ಜೋತುಬೀಳದೆ, ನಂಬಿ ಬಂದವರ ಗತಿಯನ್ನೂ ಯೋಚಿಸಲಾಗಿದೆ. ಆ ಮೇಲೆ ತುರ್ತು ಪರಿಹಾರವೆಂಬ ನೆಪವನ್ನು ಸುಮ್ಮನೆ ಸೇರಿಸಿ ಮಧ್ಯಸ್ಥಿಕೆಯನ್ನು ತಪ್ಪಿಸಿಕೊಳ್ಳುವ ಜಾಣತನ ಶುರುವಾಯಿತು. 2023ರ ಯಾಮಿನಿ ಮನೋಹರ್ ಪ್ರಕರಣದಲ್ಲಿ ಆ ಕೋರಿಕೆ ನಿಜವೋ ಮುಸುಕೋ ಎಂದು ನ್ಯಾಯಾಲಯ ಪರಿಶೀಲಿಸಬಹುದೆಂದು ಹೇಳಬೇಕಾಯಿತು. ಅಂದ ಹಾಗೆ, ಈ ಮಧ್ಯಸ್ಥಿಕೆಯಲ್ಲಿ ಕಳೆದ ಕಾಲ ಕಾಲಮಿತಿಗೆ ಸೇರುವುದಿಲ್ಲ, ಆದ್ದರಿಂದ ತಪ್ಪಿಸಿಕೊಳ್ಳುವ ಆತುರಕ್ಕೆ ಸಕಾರಣವೂ ಕಡಿಮೆ.

ಕೌಟುಂಬಿಕ ನ್ಯಾಯಾಲಯದ ಗಡಿಯ ವಿಷಯವನ್ನು ಚಿಕ್ಕದಾಗಿ ಹೇಳಬಹುದು. 1984ರ ಅಧಿನಿಯಮ ‘ವಿವಾಹದ ಪಕ್ಷಗಾರರ’ ನಡುವಿನ ಆಸ್ತಿ ವ್ಯಾಜ್ಯವನ್ನು ಅದಕ್ಕೆ ಒಪ್ಪಿಸಿದೆ. ವಿಚ್ಛೇದನವಾದ ಮೇಲೆ ಅವರು ಪಕ್ಷಗಾರರೇ ಅಲ್ಲ ಎಂಬ ವಾದವನ್ನು 2003ರ ಅಬ್ದುಲ್ ಜಲೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಏಕೆಂದರೆ ಚಿನ್ನ, ಸೈಟು, ಠೇವಣಿಗಳ ಜಗಳ ಎದ್ದು ನಿಲ್ಲುವುದು ಬಹುಪಾಲು ಸಂಬಂಧ ಮುರಿದ ಮೇಲೆಯೇ. ವಾಣಿಜ್ಯದ ಸಾಲಿಗೆ ಬಾಗಿಲು ಕಿರಿದು ಮಾಡಿದ ನ್ಯಾಯಾಲಯವೇ ಇಲ್ಲಿ ಅಗಲ ಮಾಡಿದೆ. ಎರಡೂ ಕಡೆ ಆಧಾರ ಆಯಾ ಕಾಯ್ದೆಯ ಉದ್ದೇಶ.

ಪೂರಕ ಸೌಲಭ್ಯಗಳಲ್ಲಿ ಇ-ಕೋರ್ಟ್ಸ್ ಜಾಲತಾಣ ಮತ್ತು ಆ್ಯಪ್ ನಿಜಕ್ಕೂ ಒಳ್ಳೆಯವು. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆಯಿದ್ದು, ಅದನ್ನು ಹಾಕಿದರೆ ಮುಂದಿನ ತಾರೀಖು, ಹಂತ, ಮಧ್ಯಂತರ ಅರ್ಜಿಗಳ ವಿವರ ಸಿಗುತ್ತದೆ. ಸುಪ್ರೀಂ ಕೋರ್ಟ್ ತೀರ್ಪುಗಳ ಅಧಿಕೃತ ಸಂಗ್ರಹ 2023ರಿಂದ ಇ-ಎಸ್‌ಸಿಆರ್ ಹೆಸರಿನಲ್ಲಿ ಉಚಿತವಾಗಿ ಲಭ್ಯವಿದೆ. ಮೇಲೆ ಹೇಳಿದ ತೀರ್ಪುಗಳನ್ನು ಓದಲು ದುಬಾರಿ ಚಂದಾದಾರಿಕೆ ಬೇಕಿಲ್ಲ. ದಾವೆ ಹೂಡುವವರು ವಕಾಲತ್ತಿಗೆ ಸಹಿ ಹಾಕುವ ಮೊದಲು ವಕೀಲರನ್ನು ಕೇಳಬೇಕಾದದ್ದು ‘ಗೆಲ್ಲುತ್ತೇವಾ?’ ಎಂಬುದಕ್ಕಿಂತ, ‘ಇದನ್ನು ಯಾವ ಬಗೆಯ ಪ್ರಕರಣವಾಗಿ ಹಾಕುತ್ತಿದ್ದೀರಿ, ಮೌಲ್ಯ ಹೇಗೆ ಕಟ್ಟಿದ್ದೀರಿ, ಎದುರು ಪಕ್ಷದವರು ಅಧಿಕಾರ ವ್ಯಾಪ್ತಿಯ ತಕರಾರು ಎತ್ತಿದರೆ ಉತ್ತರವೇನು?’ ಎಂದು. ಇಂಥ ಪ್ರಶ್ನೆಗೆ ಬೇಸರಪಡುವ ವಕೀಲರನ್ನು ನಾನು ಶಿಫಾರಸು ಮಾಡಲಾರೆ.

ಸುಧಾರಣೆಗೆ ನನ್ನದೊಂದೇ ಬೇಡಿಕೆ. ಸಮನ್ಸಿನ ಮೊದಲ ಪುಟದಲ್ಲೇ, ಅಮೀನರು ಕೈಗಿತ್ತ ದಿನದಿಂದ ಲೆಕ್ಕ ಹಾಕಿ, ‘ನಿಮ್ಮ ಮೇಲಿನ ದಾವೆ ಇಂಥ ಬಗೆಯದು, ಪ್ರತಿವಾದ ಪತ್ರ ಸಲ್ಲಿಸಲು ಕೊನೆಯ ದಿನ ಇಂಥದು, ಆ ದಿನ ಮೀರಿದರೆ ನ್ಯಾಯಾಲಯಕ್ಕೆ ಅದನ್ನು ಸ್ವೀಕರಿಸುವ ಅಧಿಕಾರ ಇದೆ’ ಅಥವಾ ‘ಇಲ್ಲ’ ಎಂದು ದಪ್ಪಕ್ಷರದ ಕನ್ನಡದಲ್ಲಿ ಮೂರು ಸಾಲು ಅಚ್ಚಾಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಾದೀತೆಂದು ನನಗನ್ನಿಸುವುದಿಲ್ಲ. ಸಮನ್ಸಿನ ಜತೆಗೆ ಲಗತ್ತಿಸುವ ಒಂದು ಚೀಟಿ ಸಾಕು.